ನೈವೇದ್ಯ ಕಟ್ಟುವ ಕೈ, ತಾಯಿಗೆ ಮುಗಿಯಬಾರದ ಕೈ

ಬೆಳಗಿನ ಐದು ಗಂಟೆ. ಹಿತ್ತಿಲ ಜಗಲಿಯ ಮೇಲೆ ಕಾಲು ಮಡಚಿ ಕೂತ ಜೆರೊ ಸಂದತ್ ಎಳೆ ತೆಂಗಿನ ಗರಿಯನ್ನು ಸಣ್ಣ ಚಾಕುವಿನಿಂದ ಸೀಳುತ್ತಿದ್ದಾರೆ. ಕಣ್ಣು ಗರಿಯ ಮೇಲಿಲ್ಲ, ಒಲೆಯ ಮೇಲಿನ ಅನ್ನದ ಕಡೆಗಿದೆ. ಬೆರಳುಗಳು ತಮ್ಮಷ್ಟಕ್ಕೆ ಗರಿ ಮಡಚುತ್ತವೆ, ಬಿದಿರುಕಡ್ಡಿ ಚುಚ್ಚುತ್ತವೆ, ಅಂಗೈಯಗಲದ ತಟ್ಟೆ ಮಾಡಿ ಪಕ್ಕಕ್ಕಿಡುತ್ತವೆ. ಎಂಟು ಗಂಟೆಯೊಳಗೆ ಇಂಥ ಮುನ್ನೂರು ತಟ್ಟೆಗಳಿಗೆ ಹೂವು ತುಂಬಬೇಕು. ಬಾಲಿಯ ಗಿಯಾನ್ಯಾರ್ ಸೀಮೆಯ ಈ ಊರಿನಲ್ಲಿ ಅಂಗಡಿಯ ಬಾಗಿಲು ತೆರೆಯುವುದೂ ಮನೆಯ ದೇವರು ಏಳುವುದೂ ಇವರ ತಟ್ಟೆ ಬಂದ ಮೇಲೆಯೇ.

ಮದುವೆಯ, ಪ್ರಾಯಕ್ಕೆ ಬಂದವರ ಹಲ್ಲನ್ನು ಅರದಿಂದ ತೇಯ್ದು ಸಮಮಾಡುವ ಶಾಸ್ತ್ರದ, ಶವಸಂಸ್ಕಾರದ ದೊಡ್ಡ ನೈವೇದ್ಯಗಳನ್ನೂ ಇವರೇ ಕಟ್ಟುತ್ತಾರೆ. ನಲವತ್ತೊಂದು ವರ್ಷಗಳಿಂದ ಇದೇ ಕೆಲಸ. ಆಮಂತ್ರಣದಲ್ಲಿ ಪುರೋಹಿತರ ಹೆಸರಿರುತ್ತದೆ, ಗಮೆಲಾನ್ ನುಡಿಸುವ ತಂಡದ ಹೆಸರೂ ಇರುತ್ತದೆ. ಹತ್ತು ಹೆಂಗಸರನ್ನು ಕೂಡಿಸಿಕೊಂಡು ಹನ್ನೊಂದು ದಿನ ಬೆನ್ನು ಬಗ್ಗಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಅಸಲಿಗೆ ಇವರ ಹೆಸರು ಸಂದತ್ ಅಲ್ಲ. ಹೊಳೆಯಾಚೆಯ ಕೇರಿಯಲ್ಲಿ, ಗದ್ದೆ ಕೆಲಸದವರ ಮನೆಯಲ್ಲಿ ಹುಟ್ಟಿದಾಗ ವಾಯಾನ್ ಸುತಿ ಎಂದಿಟ್ಟಿದ್ದರು. ಹತ್ತೊಂಬತ್ತಕ್ಕೆ ಮೇಲ್ಜಾತಿಯ ಗುಸ್ತಿ ಮನೆತನದ ಹುಡುಗನನ್ನು ಮೆಚ್ಚಿ ಮದುವೆಯಾದರು. ಮೇಲಿನ ಮನೆಗೆ ಬಂದ ಕೆಳಗಿನ ಸೊಸೆ ಎಂದು ‘ಜೆರೊ’ ಎಂಬ ಬಿರುದನ್ನೂ ಒಂದು ಹೂವಿನ ಹೆಸರನ್ನೂ ಕೊಟ್ಟರು. ಹುಟ್ಟಿದ ಮಗಳು ರಸ್ಮಿನಿ ತಂದೆಯ ಜಾತಿಯವಳಾದಳು, ಹೆತ್ತವಳಿಗಿಂತ ಒಂದು ಮೆಟ್ಟಿಲು ಮೇಲೆ.

“ಹೆತ್ತ ಮಗೂಗೆ ನೀವು ತಾವು ಅನ್ನಬೇಕಿತ್ತು. ಬೈಯೋದೇ ಕಷ್ಟ. ‘ದಯಮಾಡಿ ಮಣ್ಣು ತಿನ್ನಬೇಡಿ’ ಅಂತ ಯಾರಾದ್ರೂ ಬೈತಾರಾ?” ಎಂದು ನಗುತ್ತಾರೆ.

ತವರಿನಲ್ಲಿಯೂ ಹಾಗೆಯೇ ಆಯಿತು. ಹಡೆದವ್ವನೇ ಮಗಳನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಹಿರಿಮಗುವಿನ ಹೆಸರಿನಿಂದ ತಾಯಿಯನ್ನು ಕರೆಯುವ ವಾಡಿಕೆಯಂತೆ ಕೇರಿಯವರಿಗೆ ಆಕೆ ‘ಮೆನ್ ಸುತಿ’, ಸುತಿಯ ತಾಯಿ. ಮಗಳು ಬಿಟ್ಟುಬಂದ ಹೆಸರನ್ನು ತಾಯಿ ನಲವತ್ತು ವರ್ಷ ಹೊತ್ತು ತಿರುಗಿದರು.

ಆ ಮೆನ್ ಸುತಿ ಹೋದ ತಿಂಗಳು ತೀರಿಕೊಂಡರು. ಒಡಹುಟ್ಟಿದ ತಮ್ಮ ಮಾಡೆ ರತ ಹೊಳೆ ದಾಟಿ ಬಂದು, ಅಮ್ಮನ ಸಂಸ್ಕಾರದ ನೈವೇದ್ಯವನ್ನು ಜೆರೊ ಅವರೇ ಕಟ್ಟಬೇಕೆಂದು ಕೇಳಿಕೊಂಡರು. ಕಟ್ಟುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ತೊಡಕಿದ್ದುದು ಕೈಮುಗಿಯುವುದರಲ್ಲಿ. ಮೇಲಿನ ಮನೆ ಸೇರಿದವಳು ಕೆಳಗಿನ ಮನೆಯ ಹೆಣಕ್ಕೆ ಕೈಮುಗಿದರೆ ಗಂಡನ ಮನೆಯ ದೇವರ ಗುಡಿಯೊಳಗೆ ಕಾಲಿಡುವಂತಿಲ್ಲ. ಮುಗಿಯದಿದ್ದರೆ ಹಿರಿಮಗಳ ನಮಸ್ಕಾರವಿಲ್ಲದೆ ತಾಯಿ ಬೆಂಕಿಗೆ ಹೋಗಬೇಕು.

ಜೆರೊ ಸಂದತ್ ಮೊದಲು ಮನೆಯ ಹಿರಿಯರಾದ ಭಾವ ಗುಸ್ತಿ ಓಕ ಅವರನ್ನು ಕೇಳಿದರು. ಇದು ಹಿಂದಿನಿಂದ ಬಂದದ್ದು, ಯಾಕೆಂದು ಬೇಕಾದರೆ ಪುರೋಹಿತರನ್ನು ಕೇಳು ಎಂದರು ಭಾವ. ಜೆರೊ ತಮಗೆ ನೈವೇದ್ಯದ ಕೆಲಸ ಕಲಿಸಿದ ಬ್ರಾಹ್ಮಣ ಪುರೋಹಿತೆಯ ಬಳಿಗೆ ಹೋದರು. ಆತ್ಮಕ್ಕೆ ಮೇಲು ಕೀಳಿಲ್ಲವೆಂದ ಆಕೆ, ಮನೆಯ ಗುಡಿ ಮಾತ್ರ ಮನೆಯವರದ್ದು, ಹಿರಿಯರನ್ನು ಕೇಳು ಎಂದುಬಿಟ್ಟರು. ಮಗಳು ಆರೋಗ್ಯ ಕೇಂದ್ರದಲ್ಲಿ ನರ್ಸ್. ಇಂಥದ್ದೆಲ್ಲ ಈಗ ಯಾರು ನೋಡುತ್ತಾರೆ ಎಂದಳು. ಗಂಡ, ನಿನ್ನ ಮನಸ್ಸಿಗೆ ಬಂದಂತೆ ಮಾಡು ಎಂದು ಕೋಳಿಗೆ ಕಾಳು ಹಾಕಲು ಎದ್ದುಹೋದರು.

“ಎಲ್ಲರೂ ಹೇಳಿದ್ದು ಸರೀನೇ ಇತ್ತು. ಒಂದಕ್ಕೊಂದು ಸೇರ್ತಾನೇ ಇರಲಿಲ್ಲ.”

ತವರಿನ ಅಂಗಳದಲ್ಲಿ ಕೆಲಸ ನಡೆದಷ್ಟು ದಿನವೂ ಚಿಕ್ಕಮ್ಮ ಚುಚ್ಚುತ್ತಲೇ ಇದ್ದರು. “ಜೆರೊ, ನಮ್ಮನೆ ಕಾಫಿ ನಿಮಗಾಗುತ್ತೋ, ಇಲ್ಲ ಅದಕ್ಕೂ ನಿಮ್ಮ ಭಾವನವರ ಅಪ್ಪಣೆ ಬೇಕೋ?” ಜೆರೊ ಎರಡು ಲೋಟ ಕುಡಿದರು. ಎದುರಿಗೆ ಚಿತೆಗಾಗಿ ಮರದ ಆನೆಮೀನು, ಹೆಣವಿಟ್ಟು ಸುಡುವ ಆನೆಮೋರೆಯ ಮೀನಿನಾಕಾರದ ಪೆಟ್ಟಿಗೆ, ಸಿದ್ಧವಾಗುತ್ತಿತ್ತು. ಗುಸ್ತಿ ಮನೆಯವರಿಗಾದರೆ ಹೋರಿಯ ಆಕಾರದ್ದು. ಅಕ್ಕಿಹಿಟ್ಟಿನ ಉಂಡೆ, ಬಾಳೆಹಣ್ಣು, ಅರಿಸಿನದ ಅನ್ನ ಮಾತ್ರ ಎರಡೂ ಕಡೆ ಒಂದೇ. ಇದನ್ನು ಯಾರು, ಯಾವ ಲೆಕ್ಕದಲ್ಲಿ ಹೀಗೆ ಹಂಚಿದರೋ ಇಷ್ಟು ವರ್ಷ ಕಟ್ಟಿಯೂ ಅವರಿಗೆ ತಿಳಿದಿಲ್ಲ.

ಸಂಸ್ಕಾರದ ಬೆಳಿಗ್ಗೆ ಗಂಟೆ ಮೊಳಗಿತು. ತಮ್ಮ, ಅವನ ಹೆಂಡತಿ, ಮಕ್ಕಳು ಬೆರಳ ತುದಿಯಲ್ಲಿ ಹೂವು ಹಿಡಿದು ಸಾಲಾಗಿ ಕೂತರು. ಜೆರೊ ಸಾಲಿನಲ್ಲಿ ಕೂರಲಿಲ್ಲ, ನೈವೇದ್ಯದ ಪಕ್ಕದಲ್ಲಿ ಕೂತರು. ಕಟ್ಟಿದವರು ಅದನ್ನು ಒಪ್ಪಿಸುವ ಮೊದಲು ಕಸುಬಿನ ದೇವಿಗೆ ಕೈಯೆತ್ತಿ ಮುಗಿಯಬೇಕು; ಅದು ಯಾವ ಜಾತಿಯ ಮನೆಯಲ್ಲಾದರೂ ಸಲ್ಲುತ್ತದೆ. ಅವರು ಕೈಯೆತ್ತಿದರು. ನೈವೇದ್ಯದ ಹಿಂದೆಯೇ ಬಿಳಿ ಬಟ್ಟೆ ಸುತ್ತಿದ ತಾಯಿ ಮಲಗಿದ್ದರು. ಕಸುಬಿನ ನಮಸ್ಕಾರಕ್ಕೆ ಎರಡು ಉಸಿರಿನ ಹೊತ್ತು ಸಾಕು. ಅವರ ಕೈ ತಮ್ಮನ ಸಾಲು ಮುಗಿಸಿ ಏಳುವವರೆಗೂ ಹಣೆಯಿಂದ ಇಳಿಯಲಿಲ್ಲ.

ಅತಿಥಿಯಾಗಿ ಬಂದಿದ್ದ ಭಾವ ನೋಡಿದ್ದರು. ಮರಳುವ ದಾರಿಯಲ್ಲಿ, ಯಾರಿಗೆ ಮುಗಿದೆ ಎಂದು ಕೇಳಿದರು. ಕಸುಬಿಗೆ ಎಂದರು ಜೆರೊ. ಮರುದಿನ ಎಂದಿನಂತೆ ಮನೆಯ ಗುಡಿಗೆ ತಟ್ಟೆ ಒಯ್ದಾಗ ಯಾರೂ ತಡೆಯಲಿಲ್ಲ, ಬಾ ಎಂದೂ ಅನ್ನಲಿಲ್ಲ.

“ನಿಜಕ್ಕೂ ಯಾರಿಗೆ ಮುಗಿದೆ ಅಂತ ನನಗೇ ಗೊತ್ತಿಲ್ಲ. ದೇವಿಗೆ ಅಂತ ಶುರು ಮಾಡಿದ್ದು ಹೌದು. ಆಮೇಲೆ ಅಮ್ಮನ ಕಾಲು ಕಾಣ್ತು. ತಪ್ಪು ಮಾಡಿದ್ನೋ ತಪ್ಪಿಸಿಕೊಂಡ್ನೋ.”

ತಟ್ಟೆಗಳಿಗೆ ಹೂವು ತುಂಬುವ ಹೊತ್ತಿಗೆ ಸಮವಸ್ತ್ರ ತೊಟ್ಟ ರಸ್ಮಿನಿ ಬಂದು, ಕೆಲಸಕ್ಕೆ ಹೊರಡುವ ಮೊದಲು ಒಂದು ಬುಟ್ಟಿ ಎತ್ತಿಕೊಳ್ಳುತ್ತಾಳೆ. ಜೆರೊ ಅವಳತ್ತ ನೋಡಿ ದನಿ ತಗ್ಗಿಸುತ್ತಾರೆ. ಈ ಮನೆಯಲ್ಲಿ ಮೇಲಿನ ಮಗಳು ಕೆಳಗಿನಿಂದ ಬಂದ ತಾಯಿಗೆ ಮುಗಿಯಬಹುದೋ ಬಾರದೋ, ಈವರೆಗೆ ಯಾರೂ ಕೇಳಿಲ್ಲ.

“ನಾನು ಹೋದಾಗ ಇವರು ಯಾರನ್ನೂ ಕೇಳದೆ ನನಗೆ ಕೈಮುಗಿದರೆ ಸಾಕು. ನೈವೇದ್ಯದ ಚಿಂತೆ ಬೇಡ. ಒಣಗರಿಯದ್ದನ್ನೆಲ್ಲ ಈಗಿನಿಂದಲೇ ಕಟ್ಟಿಡ್ತಿದ್ದೀನಿ. ಬೇರೆಯವರು ಕಟ್ಟಿದರೆ ಅಂಚು ಸೊಟ್ಟ ಬರುತ್ತೆ.”