ಬೆಂಚಿನ ಮೇಲೆ ಒಂದು ಟಕ್

ಶಿಕ್ಷಣಾಧಿಕಾರಿಗಳು ನಮ್ಮ ಶಾಲೆಗೆ ಬರುವ ದಿನ ನನ್ನ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಬೆಳಗಿನ ಬಸ್ಸು ಕೆಡುವುದು ಅಪರೂಪ, ನಿಜ. ಆದರೆ ಅಪರೂಪದ್ದೆಲ್ಲ ನನಗಾಗಿಯೇ ಕಾದು ಕೂತಿರುತ್ತದೆ ಎಂಬುದು ನನ್ನ ಐವತ್ತು ವರ್ಷಗಳ ನಂಬಿಕೆ. ಬಸ್ಸು ಸರಿಯಾಗಿ ಬಂದರೂ ಅಲ್ಲಿಂದ ಶಾಲೆಯ ಊರಿಗೆ ಆಟೋ ಸಿಗದೇ ಹೋಗಬಹುದಿತ್ತು. ಮಕ್ಕಳಿಗೆ ಮದ್ರಾಸ್ ಐ ಬಂದು ಅರ್ಧ ತರಗತಿ ಖಾಲಿ ಇರಬಹುದಿತ್ತು. ಬಿಸಿಯೂಟದ ಸಾರು ಸೀದು, ಅಧಿಕಾರಿಗಳು ತರಗತಿ ಬಿಟ್ಟು ಅಡುಗೆಕೋಣೆಗೆ ನುಗ್ಗಬಹುದಿತ್ತು. ಜೆರಾಕ್ಸ್ ಮಸುಕಾಗಿರಬಹುದಿತ್ತು. ಅಧಿಕಾರಿಗಳು ಕೂರುವ ಕುರ್ಚಿಯ ಕಾಲು ಅಂದೇ ಮುರಿಯಬಹುದಿತ್ತು. ನಾನೇ ಮಾತು ಮರೆತು ಕಂಬದ ಹಾಗೆ ನಿಲ್ಲಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಿಟಕಿ ಪಕ್ಕದ ಎರಡನೇ ಬೆಂಚಿನ ಹುಡುಗಿ ಬಾಯಿಯೇ ಬಿಡದಿರಬಹುದಿತ್ತು.

ಇವನ್ನೆಲ್ಲ ಹಿಂದಿನ ದಿನ ಸಂಜೆ ಒಂದು ಹಾಳೆಯಲ್ಲಿ ಬರೆದಿಟ್ಟೆ. ಇನ್ನೂ ಮೂರು ಸೇರಿ ಹನ್ನೊಂದಾದವು. ಹೆಂಡತಿ ಕಾಫಿ ಇಡಲು ಬಂದವಳು ಹಾಳೆ ನೋಡಿದಳು.

"ಭೂಕಂಪ ಬಿಟ್ಬಿಟ್ಟಿದೀರಲ್ರೀ."

ಹನ್ನೆರಡನೆಯದಾಗಿ ಅದನ್ನೂ ಸೇರಿಸಿದೆ.

ವಿಷಯ ಇಷ್ಟು. ನಮ್ಮಲ್ಲಿ ಕ್ರಿಯಾ ಸಂಶೋಧನೆ ಅಂತ ಒಂದಿದೆ. ಮೇಷ್ಟ್ರು ತನ್ನ ತರಗತಿಯ ಒಂದು ತೊಂದರೆಯನ್ನು ಹಿಡಿದು, ಅದಕ್ಕೊಂದು ಉಪಾಯ ಮಾಡಿ, ಫಲ ಬಂತೋ ಇಲ್ಲವೋ ಬರೆದು ಕೊಡಬೇಕು. ಕೆಲವರು ಮೊದಲು ಫಲ ಬರೆದುಕೊಂಡು ಆಮೇಲೆ ತೊಂದರೆ ಹುಡುಕುತ್ತಾರೆ. ಹಿಂದೆ ಮಾಲೂರು ಕಡೆ, ಟೇಕಲ್ಲಿನಲ್ಲಿದ್ದಾಗ, ನಾನೂ ಹಾಗೊಂದು ಬರೆದು ಶಹಭಾಸ್ ಅನ್ನಿಸಿಕೊಂಡಿದ್ದೆ. ಈ ಸಲ ಮಾತ್ರ ತೊಂದರೆ ತಾನಾಗಿಯೇ ಬಂದು ಎದುರು ನಿಂತಿತು.

ಆ ಕಿಟಕಿ ಪಕ್ಕದ ಹುಡುಗಿ ಆರನೇ ತರಗತಿಯವಳು. ಯಾವ ಪಾಠ ಕೊಟ್ಟರೂ ಎಲ್ಲೂ ನಿಲ್ಲದೆ, ತಡೆರಹಿತ ಬಸ್ಸಿನ ಹಾಗೆ ಓದಿ ಮುಗಿಸುತ್ತಿದ್ದಳು. ಎರಡು ತಿಂಗಳು ಅವಳನ್ನೇ ಉಳಿದವರಿಗೆ ಮಾದರಿ ಎಂದು ತೋರಿಸಿದ ಮಹಾನುಭಾವ ನಾನು. ಒಂದು ದಿನ ಓದು ಮುಗಿದ ಮೇಲೆ ಸುಮ್ಮನೆ, "ಏನಮ್ಮ ನಡೀತು ಇದ್ರಲ್ಲಿ?" ಎಂದು ಕೇಳಿದೆ. ಅವಳು ಮತ್ತೆ ಮೊದಲ ಸಾಲಿನಿಂದ ಓದತೊಡಗಿದಳು. "ಓದ್ಬೇಡ, ಹೇಳು" ಎಂದೆ. ಪುಸ್ತಕ ಮುಚ್ಚಿ, ತಲೆ ತಗ್ಗಿಸಿ ನಿಂತಳು. ಗಂಟೆ ಹೊಡೆಯುವವರೆಗೂ ಹಾಗೇ ನಿಂತಿದ್ದಳು.

ಅಂದು ಮಧ್ಯಾಹ್ನ ಊಟದ ಸಾಲಿನಲ್ಲಿ ಅದೇ ಹುಡುಗಿ ಗೆಳತಿಗೆ ತಮ್ಮ ಬೀದಿಯ ನಲ್ಲಿ ಜಗಳವನ್ನು ತೆಲುಗಿನಲ್ಲಿ ಹೇಳುತ್ತಿದ್ದಳು. ಯಾರ ಕೊಡ ಮೊದಲಿತ್ತು, ಯಾರು ಸುಳ್ಳು ಹೇಳಿದರು, ಯಾಕೆ ಹೇಳಿದರು, ಎಲ್ಲ ಕಾರಣಸಮೇತ. ನಾನು ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಆ ಹುಡುಗಿಯ ತಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ನಾನು ತಟ್ಟುತ್ತಿದ್ದ ಬಾಗಿಲೇ ಬೇರೆ.

ಮಾರನೆಯ ವಾರದಿಂದ ಕನ್ನಡದ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ತೆಗೆದಿಟ್ಟೆ. ಪಾಠವನ್ನು ಮನಸ್ಸಿನಲ್ಲೇ ಓದಬೇಕು. ಪುಸ್ತಕ ಮುಚ್ಚಬೇಕು. ಓದಿದ್ದನ್ನು ಪಕ್ಕದವರಿಗೆ ಮನೆಯ ಮಾತಿನಲ್ಲಿ ಹೇಳಬೇಕು. ತೆಲುಗಿನವರು ತೆಲುಗಿನಲ್ಲಿ, ದಖನಿ ಉರ್ದುವಿನವರು ದಖನಿಯಲ್ಲಿ. ಕೇಳುವವರಿಗೆ ಒಂದೇ ಕೆಲಸ: ಪಾಠದಲ್ಲಿ ಇಲ್ಲದ್ದನ್ನು ಹೇಳಿದರೆ ಬೆರಳಿನ ಗೆಣ್ಣಿನಿಂದ ಬೆಂಚಿನ ಮೇಲೆ 'ಟಕ್' ಎನ್ನಿಸುವುದು. ಆಮೇಲೆ ಎಲ್ಲರೂ ಕನ್ನಡಕ್ಕೆ ಬರುವುದು. ಆ ಹುಡುಗಿ ಮೊದಲು ಕಲಿತದ್ದು ಟಕ್. ಗೆಳತಿಯ ಒಂದು ಸುಳ್ಳನ್ನೂ ಅವಳು ಬಿಡುತ್ತಿರಲಿಲ್ಲ. ದಸರಾ ರಜೆ ಕಳೆದ ಮೇಲೆ ಕನ್ನಡದಲ್ಲಿ ಒಂದು ವಾಕ್ಯ ಹೇಳಿದಳು. ಮಾವು ಹೂ ಬಿಡುವ ಹೊತ್ತಿಗೆ ನಾಲ್ಕು.

ಅಷ್ಟರಲ್ಲಿ ಯಾರೋ ಮೇಲಕ್ಕೆ ಸುದ್ದಿ ಮುಟ್ಟಿಸಿದ್ದರು. ನಮ್ಮ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ನಮ್ಮನೇಲೂ ತೆಲುಗೇ ಮೇಷ್ಟ್ರೇ, ನಂಗೇನೂ ಬೇಜಾರಿಲ್ಲ. ಆದ್ರೆ ಕನ್ನಡದ ಪೀರಿಯಡ್‌ನಲ್ಲಿ ತೆಲುಗು ಅಂದ್ರೆ ಯಾರು ಒಪ್ತಾರೆ? ಸಾಹೇಬ್ರು ಖುದ್ದು ಬರ್ತಾರಂತೆ. ಮಕ್ಳಿಗೆ ಓದಿದ್ದು ಅರ್ಥ ಆಗ್ತಿದ್ರೆ ಸರಿ, ಇಲ್ದಿದ್ರೆ ಅವತ್ತೇ ನಿಲ್ಸಿ ಅಂದವ್ರೆ."

ನಿಂತರೆ ನನಗೇನೂ ನಷ್ಟವಿಲ್ಲ. ಸಂಬಳ ಬರುತ್ತದೆ. ಆ ಹುಡುಗಿ ಮಾತ್ರ ಮತ್ತೆ ಪುಸ್ತಕ ಮುಚ್ಚಿ ತಲೆ ತಗ್ಗಿಸಿ ನಿಲ್ಲುತ್ತಾಳೆ.

ಅಧಿಕಾರಿಗಳ ಮುಂದೆ ಮಕ್ಕಳು ಓದಲು ಒಂದು ಹೊಸ ತುಣುಕನ್ನು ನಾನೇ ಬರೆದೆ. ಒಬ್ಬ ಅಜ್ಜಿ ಹಾಲಿನ ಡೈರಿಗೆ ಹಾಲು ಒಯ್ದು, ಹಾಕದೆ ವಾಪಸ್ ತರುತ್ತಾಳೆ. ಯಾಕೆ ತಂದಳು ಎಂಬುದೇ ಪ್ರಶ್ನೆ. ಮೊದಲು ಬರೆದಾಗ ಅಜ್ಜಿ ತಡವಾಗಿ ಹೋಗಿದ್ದಳು, ಡೈರಿಯ ಬಾಗಿಲು ಹಾಕಿತ್ತು. ಉತ್ತರ ಸಾಲಿನಲ್ಲೇ ಇದೆಯಲ್ಲ, ಇದು ಅರ್ಥವಲ್ಲ, ನಕಲು ಎಂದುಬಿಟ್ಟರೆ? ತಿದ್ದಿದೆ. ತಿದ್ದಿದ್ದನ್ನು ತಿದ್ದಿದೆ. ಏಳನೆಯ ಸಲಕ್ಕೆ ಕಥೆ ಹೀಗಾಯಿತು: ಹಸು ಮೊನ್ನೆ ಕರು ಹಾಕಿದೆ, ಅಜ್ಜಿ ಬಿಸಿಲು ಬರುವ ಮೊದಲೇ ಅಭ್ಯಾಸಬಲದಿಂದ ಕ್ಯಾನು ಎತ್ತಿಕೊಂಡು ಹೋಗುತ್ತಾಳೆ, ಡೈರಿ ಕಾರ್ಯದರ್ಶಿ ಕ್ಯಾನಿನೊಳಗೆ ಬಗ್ಗಿ ನೋಡಿ, ನಕ್ಕು, ವಾಪಸ್ ಕೊಡುತ್ತಾನೆ, ಸಂಜೆ ಬೀದಿಯ ಮಕ್ಕಳೆಲ್ಲ ಅಜ್ಜಿಯ ಮನೆ ಮುಂದೆ ಬಟ್ಟಲು ಹಿಡಿದು ಕೂರುತ್ತಾರೆ. ಗಿಣ್ಣು ಎಂಬ ಮಾತನ್ನು ಎಲ್ಲೂ ಬರೆಯಲಿಲ್ಲ. ಅದನ್ನು ಮಕ್ಕಳೇ ಹಿಡಿಯಬೇಕು.

ಆ ದಿನ ಬಂತು. ಬಸ್ಸು ಕೆಡಲಿಲ್ಲ. ಆಟೋದವನು ನನಗಾಗಿಯೇ ಕಾದವನಂತೆ ನಿಂತಿದ್ದ. ಸಾರಿನ ಒಗ್ಗರಣೆ ಘಮಘಮ ಎನ್ನುತ್ತಿತ್ತು. ಕುರ್ಚಿಯ ಕಾಲುಗಳನ್ನು ಎರಡು ಸಲ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿದ್ದವು. ಇಷ್ಟೊಂದು ಸರಿಯಾಗಿ ನಡೆಯುವುದನ್ನು ಕಂಡೇ ನನಗೆ ಭಯವಾಗತೊಡಗಿತು.

ಅಧಿಕಾರಿಗಳು ಬಂದು ಹಿಂದೆ ಕೂತರು. ಹೆಚ್ಚು ಮಾತಿನವರಲ್ಲ. ಅವರಿಗೆ ಪಿನ್ ಹೊಡೆದ ಎರಡು ಹಾಳೆ ಕೊಟ್ಟೆ: ಮೇಲಿನದರಲ್ಲಿ ಕಥೆ, ಕೆಳಗಿನದರಲ್ಲಿ ಪ್ರಶ್ನೆ ಮತ್ತು ಉತ್ತರ. ಕಥೆಯನ್ನು ಮಗುಚಿ, ನೇರವಾಗಿ ಉತ್ತರದ ಹಾಳೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಬಾಗಿಲ ಬಳಿ ಸೆರಗು ಹಿಂಡುತ್ತ ನಿಂತಿದ್ದರು.

ಮಕ್ಕಳಿಗೆ ಕಥೆಯ ಹಾಳೆ ಮಾತ್ರ ಹಂಚಿದೆ. ಓದಿದರು. ಹಾಳೆ ಮಗುಚಿದರು. ಆಮೇಲೆ ಗದ್ದಲ.

"ಬುಡ್ಡೀ ದೂಧ್ ಲೇಕೋ ಗಯೀ..." ಎಂದು ಆ ಕಡೆಯ ಬೆಂಚು, ಅಜ್ಜಿ ಹಾಲು ತಗೊಂಡು ಹೋದ್ಲು ಅಂತ. ಎಲ್ಲೋ ಒಂದು ಟಕ್. ನಾನು ಕಪ್ಪು ಹಲಗೆ ಒರೆಸುವ ನೆಪದಲ್ಲಿ ಕಿಟಕಿಯ ಕಡೆ ಸರಿದೆ.

"ಅದಿ ಜುನ್ನು ಪಾಲು ಕದೇ, ಡೈರೀಲೋ ಎಟ್ಲಾ ತೀಸ್ಕುಂಟಾರು?" ಎನ್ನುತ್ತಿದ್ದಳು ಹುಡುಗಿ, ಗೆಳತಿಗೆ. ಅದು ಗಿಣ್ಣು ಹಾಲಲ್ವೇನೇ, ಡೈರೀಲಿ ಹೆಂಗ್ ತಗೋತಾರೆ ಎಂದು.

ಹತ್ತು ನಿಮಿಷ ಮುಗಿಯಿತು. ಅಧಿಕಾರಿಗಳು ಎದ್ದು ನಿಂತು ಕನ್ನಡದಲ್ಲಿ ಕೇಳಿದರು: "ಅಜ್ಜಿ ಹಾಲು ವಾಪಸ್ ಯಾಕೆ ತಂದ್ಳು?"

ನಾನು ಹುಡುಗಿಯನ್ನು ನೋಡಬಾರದು ಎಂದುಕೊಂಡೇ ನೋಡಿದೆ. ಅವಳು ಎದ್ದಳು.

"ಹಸು ಮೊನ್ನೆ ಕರ ಹಾಕೈತೆ ಸಾರ್. ಅದು ಗಿಣ್ಣು ಹಾಲು. ಅದುನ್ನ ಡೈರೀಲಿ ತಗೊಳಲ್ಲ."

ಅಧಿಕಾರಿಗಳು ಕೈಯಲ್ಲಿದ್ದ ಹಾಳೆ ನೋಡಿದರು.

"ಅಲ್ಲಮ್ಮ, ತಪ್ಪು. ಕೂತ್ಕೊ." ಎಂದು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು: "ಅಜ್ಜಿ ತಡವಾಗಿ ಹೋದ್ದರಿಂದ ಡೈರಿಯ ಬಾಗಿಲು ಮುಚ್ಚಿತ್ತು."

ಹುಡುಗಿ ಕೂತಳು. ನನ್ನತ್ತ ನೋಡಿದಳು. ಮಾತಾಡಬೇಕಾದವನು ನಾನು. ಆದರೆ ಪಟ್ಟಿಯ ಏಳನೆಯ ಅನಾಹುತದಂತೆ ಕಂಬವಾಗಿದ್ದೆ. ಅಚ್ಚಾದ ಅಕ್ಷರವನ್ನು ಒಬ್ಬ ಅಧಿಕಾರಿ ಗಟ್ಟಿಯಾಗಿ ಓದಿದರೆ, ಅದೇ ನಿಜವಿರಬೇಕು ಎಂದುಕೊಳ್ಳುವ ಚಾಳಿ ನನಗೆ ಸರ್ವೀಸಿನುದ್ದಕ್ಕೂ ಬಂದದ್ದು.

ಟಕ್.

"ಯಾರದು?"

ಆ ಕಡೆಯ ಬೆಂಚಿನಿಂದ ಇನ್ನೊಂದು. ಟಕ್. ಬಾಗಿಲ ಬಳಿ ಮುಖ್ಯೋಪಾಧ್ಯಾಯಿನಿ ಕಣ್ಣು ಮುಚ್ಚಿಕೊಂಡರು.

"ಅದು ಅದ್ರಾಗೆ ಇಲ್ಲ ಸಾರ್," ಎಂದಳು ಹುಡುಗಿ. ಬೆರಳಿನ ಗೆಣ್ಣು ಇನ್ನೂ ಬೆಂಚಿನ ಮೇಲೇ ಇತ್ತು.

"ಏನಿಲ್ಲ?"

"ಬಾಗ್ಲು ಮುಚ್ಚಿತ್ತು ಅಂತ ಇಲ್ಲ. ಬಿಸ್ಲೇ ಬಂದಿರ್ಲಿಲ್ಲ ಅಂತ ಐತೆ. ಕಾರ್ಯದರ್ಶಿ ಕ್ಯಾನ್ನಾಗೆ ಬಗ್ಗಿ ನೋಡಿದ್ರು ಅಂತ ಐತೆ. ಬಾಗ್ಲು ಮುಚ್ಚಿದ್ರೆ ಎಂಗ್ ಸಾರ್ ನೋಡ್ತಾರೆ?"

ಅಧಿಕಾರಿಗಳು ಕನ್ನಡಕ ಸರಿಪಡಿಸಿಕೊಂಡು, ಮಗುಚಿದ್ದ ಕಥೆಯ ಹಾಳೆಯನ್ನು ಮೊದಲ ಸಾಲಿನಿಂದ ಓದಿದರು. ನಿಧಾನವಾಗಿ. ಓದಿ ಮುಗಿಸಿ, ತಮ್ಮ ಪುಸ್ತಕದಲ್ಲಿ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು.

"ಸರಿಯಾಗಿ ಹೇಳ್ದೆ ಕಣಮ್ಮ," ಎಂದರು ಅವಳಿಗೆ. ಬಾಗಿಲ ಕಡೆ ತಿರುಗಿ, "ಮೇಡಂ, ಆ ಹತ್ತು ನಿಮಿಷ ಇರ್ಲಿ" ಎಂದರು. ಕೊನೆಗೆ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. "ಆ ಹತ್ತು ನಿಮಿಷದಲ್ಲಿ ನೀವೂ ಒಂದ್ಸಲ ಕೂತು ಓದಿ ಮೇಷ್ಟ್ರೇ."

ಕಥೆ ಏಳನೆಯ ಸಲ ಬರೆದದ್ದು, ಉತ್ತರದ ಹಾಳೆ ಮೊದಲ ಸಲದ್ದು. ಎರಡನ್ನೂ ಸೇರಿಸಿ ಪಿನ್ ಹೊಡೆದವನು ನಾನೇ, ಹಿಂದಿನ ದಿನ ಸಂಜೆ, ಭೂಕಂಪವನ್ನು ಪಟ್ಟಿಗೆ ಸೇರಿಸಿದ ಮೇಲೆ.