ಬೆರಳಿಟ್ಟ ಸಾಲು

ನೀನು ಸರಿಯಾಗಿಯೇ ಓದಿದ್ದೆ, ಎಸ್ತೇರ್. ತಪ್ಪು ಓದಿದವಳು ನಾನು. ನೀನು ಓದುವುದಕ್ಕೆ ಒಂದು ವರ್ಷ ಮೊದಲು, ಅದೇ ಹಾಳೆಯನ್ನು, ಬೇಕೆಂದೇ ತಪ್ಪಾಗಿ ಓದಿದ್ದೆ. ಈ ಮಾತನ್ನು ಮಗಳಿಗೆ ಬರೆಯಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ನಿನ್ನ ಆಯಿ ರೂತಮ್ಮನಿಗೆ, ಅಂದರೆ ನನ್ನ ಅತ್ತೆಗೆ, ಅಕ್ಷರ ಬರುತ್ತಿರಲಿಲ್ಲ. ಆದರೆ ಕುಕನೂರಿನ ನಮ್ಮ ಹತ್ತು ಮನೆಯ ಲೂಥರನ್ ಸಭೆಯಲ್ಲಿ ದೇವರ ವಾಕ್ಯಕ್ಕೆ ಆಕೆಯಷ್ಟು ಹಸಿದವರು ಇನ್ನೊಬ್ಬರಿರಲಿಲ್ಲ. ಸಂಜೆ ನಾನು ಶಾಲೆಯಿಂದ ಬಂದು ಚಹಾ ಕುಡಿಯುವುದನ್ನೇ ಕಾಯುತ್ತಿದ್ದಳು. ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಯಾವುದೋ ಹಾಳೆ ತೆರೆದು, ಒಂದು ಸಾಲಿನ ಮೇಲೆ ಬೆರಳಿಡುತ್ತಿದ್ದಳು. ಆ ಸಾಲನ್ನು ನಾನು ಓದಬೇಕು — ಆ ದಿನಕ್ಕೆ ದೇವರು ಆಡಿದ ಮಾತು ಅದು. ಗದಗಿನಿಂದ ಬರುತ್ತಿದ್ದ ಪಾಸ್ಟರ್ ಇದನ್ನು ಕಂಡು, ವಾಕ್ಯವೇನು ಗಿಣಿಶಾಸ್ತ್ರವೇ ಎಂದು ಗದರಿದ್ದರು. ಆಕೆ ಬಿಡಲಿಲ್ಲ. ಮನುಷ್ಯರು ಆರಿಸಿ ಓದಿದರೆ ಅದು ಮನುಷ್ಯರ ಮಾತಾಗುತ್ತದೆ ಎಂದು ಆಕೆಯ ವಾದ. ನನಗಿಂತ ಆಕೆಗೇ ಹೆಚ್ಚು ತಿಳಿದಿತ್ತು ಅನಿಸುತ್ತದೆ ಈಗ.

ನಿನ್ನ ಕಾಕಾ ಯೋಹಾನ, ಆಯಿಯ ಕಿರಿಮಗ, ನಿನಗೆ ನೆನಪಿದ್ದಾನೋ ಇಲ್ಲವೋ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಕುಡಿಯುತ್ತಿದ್ದ. ಒಮ್ಮೆ ಕುಡಿದು ನನ್ನ ಶಾಲೆಗೇ ಬಂದು, ಮಕ್ಕಳೆದುರು ನನ್ನನ್ನು ವೈನಿ, ವೈನಿ ಎಂದು ಕೂಗುತ್ತ ಅಂಗಳದಲ್ಲಿ ಬಿದ್ದಿದ್ದ. ಕಿಟಕಿಯಲ್ಲಿ ನಿಂತು ನೋಡಿದ ಹೆಡ್ ಮಾಸ್ತರರ ಮುಖವನ್ನು ನಾನು ಮರೆಯಲಿಲ್ಲ, ಯೋಹಾನನನ್ನು ಕ್ಷಮಿಸಲೂ ಇಲ್ಲ. ಅವನೇ ಕಾಮಾಲೆ ಹತ್ತಿ, ಹೊಟ್ಟೆ ಊದಿಕೊಂಡ ಮೇಲೆ, ಕುಡಿತ ಬಿಟ್ಟಿದ್ದೇನೆ, ಮನೆಯಲ್ಲಿ ಒಂದು ಮೂಲೆ ಕೊಡಿ ಎಂದು ಹೇಳಿ ಕಳಿಸಿದ. ನಿಮ್ಮಪ್ಪ ಬಸ್ಸಿನ ಡ್ಯೂಟಿಗೆ ಹೊರಟವರು, ಅವ್ವ ಹೇಳಿದಂತೆ ಆಗಲಿ ಎಂದು ಹೋದರು. ಆಯಿ ಎಂದಿನಂತೆ ಸತ್ಯವೇದ ತೆರೆದು ಬೆರಳಿಟ್ಟಳು.

ಆ ಸಾಲಿನಲ್ಲಿ ಮಗನ ಸುದ್ದಿಯೇ ಇರಲಿಲ್ಲ. ಹೊರಗಿನಿಂದ ಬಂದವರನ್ನು ಸತ್ಕರಿಸಲು ಮರೆಯಬೇಡಿ ಎಂಬ ಅರ್ಥದ ಮಾತು, ಅಷ್ಟೆ. ಆದರೆ ಆಕೆ ಅದನ್ನು ಹೇಗೆ ತಿಳಿಯುತ್ತಾಳೆಂದು ನನಗೆ ಗೊತ್ತಿತ್ತು — ಗುರುತಿಲ್ಲದವರಿಗೇ ಜಾಗ ಕೊಡು ಎಂದ ಮೇಲೆ ಹೆತ್ತ ಮಗನಿಗೆ... ನಾನು ಹಾಳೆಯನ್ನೇ ನೋಡುತ್ತ, ಬಾಯಿಪಾಠ ಬರುತ್ತಿದ್ದ ಬೇರೊಂದು ಮಾತು ಓದಿದೆ. ಬಲಗೈ ನಿನ್ನನ್ನು ಪಾಪಕ್ಕೆ ಎಳೆದರೆ ಅದನ್ನು ಕಡಿದು ಬಿಸಾಡು ಎಂಬುದು. ಅದೂ ದೇವರ ಮಾತೇ — ದೇವರ ಮಾತಿನಿಂದಲೇ ದೇವರ ಬಾಯಿ ಮುಚ್ಚಿದೆ. ತರಗತಿಯಲ್ಲಿ ಪಾಠ ಓದುವ ಧ್ವನಿಯೇ ಇತ್ತು.

ಆಕೆ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಸೆರಗಿನಿಂದ ಒಂದು ಕೆಂಪು ದಾರ ಹಿರಿದು ಆ ಹಾಳೆಯಲ್ಲಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ಯೋಹಾನ ಬಂದ. ಹೊಸ್ತಿಲ ಹೊರಗೇ ನಿಂತಿದ್ದ, ಕಣ್ಣು ಅರಿಸಿನದಂತೆ ಹಳದಿ. ಆಯಿ ಒಂದು ತಂಬಿಗೆ ನೀರು ಕೊಟ್ಟಳು.

"ನಾ ಅನ್ನೂದಲ್ಲಪ್ಪ. ವಾಕ್ಯದಾಗ ಹಂಗೈತಿ. ನೀ ಹೋಗು."

ಅವನು ವಾದಿಸಲಿಲ್ಲ. ಎಷ್ಟೇ ಕುಡಿದರೂ ರೂತಮ್ಮನ ಮಗನಲ್ಲವೇ. "ವಾಕ್ಯದಾಗ ಐತಂದ್ರ ಆತು ಬಿಡವ್ವ" ಎಂದು ತಂಬಿಗೆ ಕೆಳಗಿಟ್ಟು ಹೋದ. ಮೂರು ವಾರಕ್ಕೆ ಗಿರಣಿಯ ಹಮಾಲರ ಶೆಡ್ಡಿನಲ್ಲಿ, ಖಾಲಿ ಚೀಲಗಳ ಮೇಲೆ ಸತ್ತ. ಮನೆಗೆ ಕರೆದುಕೊಂಡಿದ್ದರೂ ಉಳಿಯುತ್ತಿರಲಿಲ್ಲ ಎಂದು ಎಷ್ಟು ಸಲ ಹೇಳಿಕೊಂಡಿದ್ದೇನೆ — ಇರಲಿ. ಸಾಯುವುದು ಬೇರೆ, ಅವ್ವ ಹೊರಗೆ ಹಾಕಿದಳು ಎಂದುಕೊಂಡು ಸಾಯುವುದು ಬೇರೆ.

ಅವನು ಸತ್ತು ವರ್ಷವಾದ ದಿನ. ನಿನಗೆ ಒಂಬತ್ತು ವರ್ಷ, ಓದು ಚೆನ್ನಾಗಿ ಹತ್ತಿತ್ತು. ಆಯಿ ನಿನ್ನನ್ನು ಕರೆದು, ದಾರವಿದ್ದ ಹಾಳೆ ತೆರೆದು, ಅದೇ ಸಾಲಿನ ಮೇಲೆ ಬೆರಳಿಟ್ಟು ಓದು ಎಂದಳು. ನೀನು ಓದಿದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಹೋಯಿತು. ಆಕೆ ಮತ್ತೊಮ್ಮೆ ಓದಿಸಿದಳು. ನೀನು ಇನ್ನೂ ಗಟ್ಟಿಯಾಗಿ ಅದನ್ನೇ ಓದಿದೆ.

"ಸುಶೀಲಾ, ಹುಡುಗಿ ತಪ್ಪ ಓದಾಕತ್ತಾಳೇನು?"

ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ.

"ಹೌದ್ರಿ ಅತ್ತಿ. ಸಾಲು ತಪ್ಯಾಳ. ಆಕಿಗೆ ಇನ್ನೂ ಓದಾಕ ಬರಂಗಿಲ್ಲ."

ಇಲ್ಲ, ಸರಿಯಾಗಿಯೇ ಓದಿದ್ದೇನೆ ಎಂದು ನೀನು ಅತ್ತಾಗ, ಹಿಟ್ಟಿನ ಕೈಯಲ್ಲೇ ನಿನ್ನ ಕೆನ್ನೆಗೆ ಹೊಡೆದೆ. ಜೋಳದ ಹಿಟ್ಟು ಕೆನ್ನೆಗೆ ಅಂಟಿತ್ತು. ಒರೆಸಿದವಳು ಆಯಿ, ನಾನಲ್ಲ.

ಅಂದಿನಿಂದ ಆಕೆ ನನ್ನಿಂದ ಓದಿಸಲಿಲ್ಲ. ನಿನ್ನನ್ನು ಕರೆದರೆ, ನನಗೆ ಓದಲು ಬರುವುದಿಲ್ಲ ಎಂದು ನೀನು ಓಡಿಹೋಗುತ್ತಿದ್ದೆ. ಮುಂದೆ ಎರಡು ವರ್ಷ, ಸಾಯುವವರೆಗೂ, ಆ ಮುದುಕಿ ಪುಸ್ತಕವನ್ನು ಮಡಿಲಲ್ಲಿ ತೆರೆದಿಟ್ಟು ಬೆರಳಾಡಿಸುತ್ತ ಕೂರುತ್ತಿದ್ದಳು, ಒಂದಕ್ಷರವೂ ತಿಳಿಯದೆ. ನಾನು ಪಕ್ಕದಲ್ಲೇ ಶಾಲೆಯ ಮಕ್ಕಳ ನೋಟ್ ಪುಸ್ತಕ ತಿದ್ದುತ್ತಿದ್ದೆ. ಆಕೆಗೆ ಗೊತ್ತಾಗಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ವಾಕ್ಯಕ್ಕೂ ಮನುಷ್ಯನಿಗೂ ನಡುವೆ ಯಾರೂ ಅಡ್ಡ ನಿಲ್ಲಬಾರದು, ಕಡು ಬಡವನಿಗೂ ಅದು ಅವನ ಭಾಷೆಯಲ್ಲಿ ಸಿಗಬೇಕು — ನಮ್ಮ ಸಭೆಯ ಹಿರಿಯರು ಕಲಿಸಿದ್ದು ಇದು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಟ್ಟವಳು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಂಬಿಕೆ ಸಾಲದೆ ಹಾಗೆ ಮಾಡಿದೆ ಎಂದರೆ ಅದೂ ಸುಳ್ಳು. ಒಬ್ಬ ತಾಯಿಯ ಬಾಗಿಲನ್ನು ತೆರೆಸುವ, ಮುಚ್ಚಿಸುವ ಶಕ್ತಿ ಆ ಮಾತಿಗಿದೆ ಎಂದು ನಂಬಿದ್ದರಿಂದಲೇ ಅದನ್ನು ಬಳಸಿದೆ. ಪ್ರತಿ ಭಾನುವಾರ ಪಾಪ ಅರಿಕೆ ಮಾಡುವಾಗ ಎಲ್ಲರೊಂದಿಗೆ 'ನಾವು' ಎನ್ನುತ್ತೇನೆ. ಆ 'ನಾವು' ಎಂಬುದರ ಒಳಗೆ ಇಷ್ಟು ವರ್ಷ ಅಡಗಿ ಕುಳಿತೆ. ಕ್ಷಮೆಯ ಮಾತು ಬಂದಾಗ ಅದು ನನಗಲ್ಲ ಎಂದು ತಲೆ ತಗ್ಗಿಸುತ್ತೇನೆ.

ಹೋದ ತಿಂಗಳು ಕುಷ್ಟಗಿಗೆ ನಿನ್ನ ಮನೆಗೆ ಬಂದಿದ್ದೆನಲ್ಲ. ಆರಾಧನೆಯಲ್ಲಿ ವಾಕ್ಯ ಓದಲು ನಿನ್ನನ್ನು ಕರೆದರು. "ನನಗ ಬ್ಯಾಡ್ರಿ, ನಾ ಸಾಲು ತಪ್ತೀನಿ" ಎಂದು ನೀನು ನಕ್ಕೆ. ದಿನವಿಡೀ ಡಾಕ್ಟರ ಚೀಟಿ ಓದಿ ರೋಗಿಗಳಿಗೆ ಔಷಧ ಕೊಡುವ ನರ್ಸು ನೀನು. ನಾನು ಪಕ್ಕದಲ್ಲೇ ಕುಳಿತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಬರುವ ಭಾನುವಾರ ನಮ್ಮ ಸಭೆಯಲ್ಲಿ ಎದ್ದು ನಿಂತು 'ನಾನು' ಎಂದೇ ಹೇಳುತ್ತೇನೆ. ಪಾಸ್ಟರಿಗೆ ತಿಳಿಸಿದ್ದೇನೆ.

ಈ ಕಾಗದದ ಜೊತೆ ಆಯಿಯ ಸತ್ಯವೇದ ಕಳಿಸಿದ್ದೇನೆ. ಆಕೆ ಸತ್ತ ಮೇಲೆ ನಾನದನ್ನು ತೆರೆದಿರಲಿಲ್ಲ, ನಿನ್ನೆ ತೆರೆದೆ. ದಾರ ಅಲ್ಲೇ ಇದೆ. ಆ ಹಾಳೆಯಲ್ಲಿ ಬೇರೆಲ್ಲ ಅಕ್ಷರಗಳು ಸ್ವಚ್ಛವಾಗಿವೆ, ನೀನು ಓದಿದ ಸಾಲೊಂದು ಮಾತ್ರ, ಆ ಎರಡು ವರ್ಷ ಆಕೆ ಬೆರಳಾಡಿಸಿ ಆಡಿಸಿ, ಮಾಸಿಹೋಗಿದೆ. ಆಯಿ ನಂಬಿದ್ದು ನಿನ್ನನ್ನು.