ಹಿಂದಿನ ಸೀಟಿನ ಕೆಳಗಿದ್ದ ಸೈಲೆನ್ಸರ್

ಕಾರಿನ ಗಲಾಟೆ ನಿಂತಿತು ಅಂತ ಮುನಿಸಿಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ, ನಮ್ಮ ಮನೆಯಲ್ಲೇ. ಎಂಬತ್ತೊಂದು ವರ್ಷದ ನಮ್ಮವ್ವ ಮೂರು ವಾರ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೇ ಶನಿವಾರ ಕಾರು ಹತ್ತುವುದಿಲ್ಲ ಅಂತ ಜಗಲಿ ಮೇಲೆ ಕೂತುಬಿಟ್ಟಳು.

ನಮ್ಮ ಮನೆ ತಮಿಳುನಾಡಿನ ಉತ್ತಮಪಾಳಯಂ ಹತ್ತಿರ. ಶತಮಾನಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಒಕ್ಕಲು ನಮ್ಮದು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. (ಕರ್ನಾಟಕದವರು ಕೇಳಿದರೆ "ಇದು ಕನ್ನಡವಾ?" ಅಂತ ಹುಬ್ಬೇರಿಸುವಂಥ ಕನ್ನಡ.) ನಾನು ಓದಿದ್ದು ಮೈಸೂರಿನಲ್ಲಿ, ಅಲ್ಲೇ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ್ದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ತಮ್ಮನ ಮನೆಗೆ ವಾಪಸ್ಸಾದೆ. ತಮ್ಮ ಬಾಳೆ ಬೆಳೆಯುತ್ತಾನೆ. ಅವನಿಗೊಬ್ಬಳೇ ಮಗಳು, ಧಾರಣಿ. ದಿಂಡಿಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಾಳೆ, ಶುಕ್ರವಾರ ಸಂಜೆ ಬಸ್ಸಿನಲ್ಲಿ ಊರಿಗೆ ಬರುತ್ತಾಳೆ.

ಶನಿವಾರ ಬೆಳಿಗ್ಗೆ ಅವ್ವನ ಮಂಡಿ ನೋವಿಗೆ ಥೇಣಿಯಲ್ಲಿ ಫಿಸಿಯೋಥೆರಪಿ. ಡ್ರೈವರ್ ನಾನು. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಧಾರಣಿ. ಕಾರು ತಮ್ಮನದು, ಹಳೆಯ ಡೀಸೆಲ್ ಗಾಡಿ. ಅದಕ್ಕೊಂದು ವಿಶೇಷ ಇತ್ತು. ಐವತ್ತು ದಾಟಿ ಅರವತ್ತರ ಕಡೆಗೆ ಹೋದ ಕೂಡಲೇ ಒಳಗೆಲ್ಲ "ಗುಂಯ್" ಅಂತ ಒಂದು ಸದ್ದು ತುಂಬಿಕೊಳ್ಳುತ್ತಿತ್ತು. ಕಿವಿಯಲ್ಲಲ್ಲ, ನೇರ ಎದೆಯಲ್ಲಿ ಕೇಳುವಂಥದ್ದು. ಥೇಣಿ ಮುಟ್ಟುವ ಹೊತ್ತಿಗೆ ನನಗೆ ತಲೆ ಹಿಡಿದುಕೊಂಡಿರುತ್ತಿತ್ತು.

ಇದೂ ತಮ್ಮನ ಕೃಪೆಯೇ. ಬಾಳೆತೋಟಕ್ಕೆ ಹೋಗುವ ಕಾಲುವೆ ಏರಿ ಮೇಲೆ ಕಾರಿನ ಹಿಂಭಾಗ ನೆಲಕ್ಕೆ ತಗಲುತ್ತಿತ್ತಂತೆ. ಕಂಪನಿಯವರು ಸೈಲೆನ್ಸರನ್ನು ಬಾಲದಲ್ಲಿ, ಡಿಕ್ಕಿಯ ಕೆಳಗೆ ಇಟ್ಟಿದ್ದರು. ಎರಡು ಸಲ ಕಲ್ಲಿಗೆ ಹೊಡೆದು ನಜ್ಜುಗುಜ್ಜಾದ ಮೇಲೆ ಇವನು ಯಾರೋ ವೆಲ್ಡಿಂಗಿನವನನ್ನು ಹಿಡಿದು, ಪೈಪು ಕತ್ತರಿಸಿ, ಅದನ್ನು ಮುಂದಕ್ಕೆ ಎಳೆದು ಹಿಂದಿನ ಸೀಟಿನ ಕೆಳಗೆ ಕೂರಿಸಿಬಿಟ್ಟ. ಏರಿ ಸಮಸ್ಯೆ ಮುಗಿಯಿತು. ತಲೆನೋವು ಶುರುವಾಯಿತು. ಕೇಳಿದರೆ, "ಗಾಡಿ ಓಡ್ತಾ ಇದೆಯಲ್ಲಾ ಅಕ್ಕಾ" ಅನ್ನುತ್ತಾನೆ. ಗಂಡಸರ ರಿಪೇರಿ.

ಈಚೆಗೆ ಒಂದು ಶನಿವಾರ ಕಾರಿನೊಳಗೆ ಹೊಗೆ ವಾಸನೆ ಬಂತು. ಅವ್ವ ಕೆಮ್ಮಿದಳು. ನಾನು ಸೀದಾ ನಮ್ಮೂರಿನ ಮೆಕ್ಯಾನಿಕ್ ಸೆಲ್ವಂ ಹತ್ತಿರ ತಿರುಗಿಸಿದೆ. ಅವನು ಗಾಡಿಯ ಕೆಳಗೆ ನುಗ್ಗಿ, ಆಚೆ ಬಂದು, ಕೈ ಒರೆಸಿಕೊಂಡು, "ಈ ಕೆಲಸ ಮಾಡಿದವನ ಹೆಸರು ಹೇಳಿ ಅಕ್ಕಾ, ಕೈ ಮುಗಿದು ಒಂದು ಕುಂಬಿಡು ಹಾಕಿ ಬರ್ತೀನಿ" ಅಂದ. ಆಮೇಲೆ ಅರ್ಧ ಗಂಟೆ ತಮಿಳಿನಲ್ಲಿ ನನಗೆ ಪಾಠ. (ಪಾಠ ಹೇಳುವವರಿಗೆ ಪಾಠ ಕೇಳುವುದು ಎಷ್ಟು ಕಷ್ಟ ಗೊತ್ತಾ?)

ಅವನು ಹೇಳಿದ್ದರ ಸಾರ ಇದು. ಎಂಜಿನ್ನಿನ ಸದ್ದು ಪೈಪಿನಲ್ಲಿ ಅಲೆ ಅಲೆಯಾಗಿ ಹಿಂದಕ್ಕೆ ಹೋಗುತ್ತದೆ. ಸೈಲೆನ್ಸರ್ ಅನ್ನುವ ಡಬ್ಬಿ ಆ ದಾರಿಯಲ್ಲಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಯಾವ ಸದ್ದು ಸಾಯುತ್ತದೆ, ಯಾವುದು ಉಳಿಯುತ್ತದೆ ಅನ್ನುವುದು ನಿರ್ಧಾರ. ನಾದಸ್ವರದಲ್ಲಿ ತೂತಿನ ಜಾಗ ಬದಲಾದರೆ ಸ್ವರ ಬದಲಾಗುವುದಿಲ್ಲವೇ, ಹಾಗೆ. ಎಂಜಿನ್ನಿಗೆ ಹತ್ತಿರ ಇಟ್ಟರೆ ಡಬ್ಬಿ ಬಿಸಿಯಾಗಿರುತ್ತದೆ, ಒಳಗಿನ ನೀರು ಆರಿಹೋಗುತ್ತದೆ, ತುಕ್ಕು ಬೇಗ ಹಿಡಿಯುವುದಿಲ್ಲ. ಆದರೆ ಶಾಖ, ಸದ್ದು ಎರಡೂ ಕೂತವರ ಬುಡಕ್ಕೇ. ದೂರ, ಬಾಲದಲ್ಲಿ ಇಟ್ಟರೆ ಒಳಗೆ ನೆಮ್ಮದಿ. ಆದರೆ ತಣ್ಣಗಿರುವುದರಿಂದ ನೀರು ನಿಂತು ತುಕ್ಕು. ಕಂಪನಿಯವರು ಇದನ್ನೆಲ್ಲ ಅಳೆದು ತೂಗಿ ಒಂದು ಜಾಗ ಗೊತ್ತು ಮಾಡಿರುತ್ತಾರೆ. ನಮ್ಮ ಕಾರಿನಲ್ಲಿ ಡಬ್ಬಿ ಮುಂದೆ ಬಂದು, ಅದರ ಹಿಂದಿನ ಪೈಪು ಉದ್ದವಾಗಿ, ಒಂದು ಸ್ಪೀಡಿಗೆ ಬಂದಾಗ ಇಡೀ ತಳ ನಡುಗುತ್ತಿತ್ತು. ಸಾಲದ್ದಕ್ಕೆ ವೆಲ್ಡಿಂಗ್ ಬಿಟ್ಟುಕೊಂಡಿದೆ. ಹೊಗೆ ಸೀಟಿನೊಳಗೆ ಬರುತ್ತಿದೆ. ವಯಸ್ಸಾದವರನ್ನು ಇದರ ಮೇಲೆ ಕೂರಿಸುತ್ತೀರಾ ಅಂತ ಅವನು ಕೇಳಿದ ಕೂಡಲೇ ಕೀಲಿ ಅವನ ಕೈಗೆ ಕೊಟ್ಟೆ.

ಸಂಜೆಯೊಳಗೆ ಹೊಸ ಸೈಲೆನ್ಸರ್ ಹಿಂದಕ್ಕೆ ಹೋಯಿತು. ನೆಲಕ್ಕೆ ತಗಲದ ಹಾಗೆ ರಬ್ಬರ್ ಹಾಕಿ ಸ್ವಲ್ಪ ಮೇಲಕ್ಕೇ ತೂಗುಹಾಕಿದ. ಓಡಿಸಿ ನೋಡಿದೆ. ಅರವತ್ತು, ಎಪ್ಪತ್ತು. ಏನೂ ಇಲ್ಲ. ಇಂಡಿಕೇಟರಿನ ಟಿಕ್ ಟಿಕ್ ಕೇಳುತ್ತಿತ್ತು. ಮನೆಗೆ ಬಂದು ಎಲ್ಲರೆದುರು ಭಾಷಣ ಬಿಗಿದೆ, ಇನ್ನು ಮೇಲೆ ನಾವು ಕಾರಿನಲ್ಲಿ ಮನುಷ್ಯರ ಹಾಗೆ ಮಾತಾಡಿಕೊಂಡು ಹೋಗಬಹುದು ಅಂತ.

ಮೊದಲನೇ ಶನಿವಾರ ಯಾರೂ ಮಾತಾಡಲಿಲ್ಲ. ನಾನು ಏನಾದರೂ ಕೇಳಿದರೆ ಧಾರಣಿ "ಹೂಂ", "ಇಲ್ಲೆ". ಮಿಕ್ಕ ಹೊತ್ತು ಫೋನು. ಅವ್ವ ಕಿಟಕಿಯಾಚೆ ತೆಂಗಿನ ಮರ ನೋಡುತ್ತಾ ಕೂತಳು. ಎರಡನೇ ವಾರವೂ ಅಷ್ಟೇ. ಮೂರನೇ ವಾರ ವೀರಪಾಂಡಿ ದಾಟುವಾಗ ಕನ್ನಡಿಯಲ್ಲಿ ನೋಡಿದೆ. ಅವ್ವ ಮೊಮ್ಮಗಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಬೆರಳು ಸವರುತ್ತಿದ್ದಳು. ಹುಡುಗಿ ಕಣ್ಣು ಮುಚ್ಚಿಕೊಂಡಿತ್ತು. ಇವರಿಬ್ಬರಿಗೂ ಏನಾಯಿತು ಅಂತ ಯೋಚನೆ ಹತ್ತಿತು. ಪ್ರೀತಿ ಗೀತಿ ಏನಾದರೂ ಇರಬಹುದಾ ಅಂತ ತಮ್ಮನ ಹೆಂಡತಿಯನ್ನು ವಿಚಾರಿಸಿಯೂ ನೋಡಿದೆ. (ಅತ್ತೆಯರ ತಲೆ ಓಡುವುದೇ ಅಷ್ಟು ದೂರ.)

ನಾಲ್ಕನೇ ಶನಿವಾರ ಅವ್ವ ಜಗಲಿ ಬಿಟ್ಟು ಏಳಲಿಲ್ಲ. ಮುಂದೆ ಮೊರದ ತುಂಬ ಚಿಕ್ಕ ಈರುಳ್ಳಿ. ಸುಲಿಯುತ್ತಾ ಕೂತಳು. ನಾನು ಡಾಕ್ಟರು ಬೈಯುತ್ತಾರೆ ಅಂದೆ. ಮಂಡಿ ಹೆಚ್ಚಾಗುತ್ತದೆ ಅಂದೆ. ಕೊನೆಗೆ ರೇಗಿದೆ. ಅವ್ವ ತಲೆ ಎತ್ತದೆ ಹೇಳಿದಳು:

"ಕಾರಿಗೆ ಆ ಸದ್ದು ತಿರುಗ ಹಾಕ್ಸು. ಬತ್ತೀನಿ."

ನಾನು ನಕ್ಕೆ. ಅವಳು ನಗಲಿಲ್ಲ.

"ಕೊಳಂದೆ ನನ್ನ ಕಿವೀಲಿ ಮಾತಾಡ್ತಿತ್ತು, ನಮ್ ಮಾತ್ನಾಗೆ. ಆ ಸದ್ದಿನಾಗೆ ನಿಂಗೆ ಕೇಳ್ತಿರ್ಲಿಲ್ಲ, ಅದ್ಕೇ ಮಾತಾಡ್ತಿತ್ತು. ಈಗ ನೀ ಮುಂದೆ ಕುಂತು ಎಲ್ಲಾ ಕೇಳ್ತೀಯ. ಅದ್ಕೆ ವೆಟ್ಕ."

ಕೊಳಂದೆ ಅಂದರೆ ಮಗು, ವೆಟ್ಕ ಅಂದರೆ ನಾಚಿಕೆ. ಎರಡೂ ತಮಿಳಿನಿಂದ ನಮ್ಮ ಮನೆಮಾತಿಗೆ ಬಂದು ಸೇರಿಕೊಂಡ ಮಾತು. ಅವ್ವ ಹೇಳಿದ್ದು ನನಗೆ ಪೂರ್ತಿ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಧಾರಣಿ ಕನ್ನಡ ಮಾತಾಡುತ್ತಾಳಾ? ಅವಳಿಗೆ ಅರ್ಥವಾಗುತ್ತದೆ, ಆದರೆ ಈಚೆಗೆ ಬಾಯಿ ಬಿಟ್ಟರೆ ತಮಿಳೇ ಅಂತ ನಾವೆಲ್ಲ ತಿಳಿದಿದ್ದೆವು. ನಾನಂತೂ ಈ ಬಗ್ಗೆ ಎಷ್ಟು ನಿಟ್ಟುಸಿರು ಬಿಟ್ಟಿದ್ದೇನೋ. ಇದೇ ಅಂಕಣದಲ್ಲಿ ಗೋಳಾಡಿದ್ದನ್ನು ನೀವೂ ಓದಿದ್ದೀರಿ.

ಅವಳು ಯಾಕೆ ಬಾಯಿ ಬಿಡುತ್ತಿರಲಿಲ್ಲ? ಈಗ ನೆನಪಾಯಿತು. ಹೋದ ವರ್ಷ ಪೊಂಗಲಿಗೆ ಮೈಸೂರಿನಿಂದ ನನ್ನ ಇಬ್ಬರು ಗೆಳತಿಯರು ಬಂದಿದ್ದರು. ಧಾರಣಿ ಪಾಯಸ ಬಡಿಸುತ್ತಾ ಅವರನ್ನು ಪ್ರೀತಿಯಿಂದ ಏನೋ ಕೇಳಿದಳು, ನಮ್ಮ ಮನೆಯ ಕನ್ನಡದಲ್ಲಿ. ನಾನು ಥಟ್ಟನೆ ಅವಳನ್ನು ತಿದ್ದಿದೆ. ಬರೀ ತಿದ್ದಲಿಲ್ಲ, ಎರಡು ಸಲ ಹೇಳಿಸಿದೆ. ಗೆಳತಿಯರು ನಕ್ಕರು. ನಾನೂ ನಕ್ಕೆ. ಹುಡುಗಿ ಕೆಂಪಗಾಗಿ ಪಾತ್ರೆ ತೆಗೆದುಕೊಂಡು ಒಳಗೆ ಹೋಯಿತು. ಅಷ್ಟೇ. ಐದು ನಿಮಿಷದ ವಿಷಯ, ಯಾರಿಗೆ ನೆನಪಿರುತ್ತದೆ ಅಂದುಕೊಂಡಿದ್ದೆ.

ಅದನ್ನೇ ಅವ್ವನಿಗೆ ಹೇಳಿದೆ. ಒಳ್ಳೆಯ ಕನ್ನಡ ಕಲಿಯಲಿ ಅಂತ ಹೇಳಿದ್ದು, ತಪ್ಪು ತಿಳಿಯಬಾರದು ಅಂದೆ. ಅವ್ವ ಈರುಳ್ಳಿ ಕೆಳಗಿಟ್ಟಳು.

"ಆ ಮಾತು ಅವಳಿಗೆ ಕಲ್ಸಿದ್ದು ಯಾರು? ನಾನು. ನೀವೆಲ್ಲಾ ನಗ್ವಾಗ ನಾನೂ ಅಲ್ಲೇ ಕುಂತಿದ್ದೆ ಮಗಳೆ."

ಮೊರದ ಈ ಕಡೆ ಕೂತು ನಾನೂ ಈರುಳ್ಳಿ ಸುಲಿದೆ. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದ ಅಂತ ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಹಾಗಾದರೆ ಕಾರಿನಲ್ಲಿ ಏನು ಮಾತಾಡುತ್ತಿದ್ದಿರಿ ಅಂತ ಕೇಳಿದೆ. ಎಲ್ಲಾನೂ, ಅಂದಳು ಅವ್ವ. ಹಾಸ್ಟೆಲಿನ ಸಾಂಬಾರು. ಜೊತೆಯ ಹುಡುಗಿಯ ಮದುವೆ. ಅವ್ವನ ಕಥೆಗಳು. ನಮ್ಮವರಲ್ಲಿ ಒಂದು ಪದ್ಧತಿ ಇದೆ. ದನಗಳ ಪೊಂಗಲಿನ ದಿನ ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ಅದು ಮನೆಯದ್ದಲ್ಲ, ಹತ್ತಿರದ ಕಂಬಂ ಊರಿನಲ್ಲಿರುವ ದೇವರ ದನದ ಹಿಂಡಿಗೆ ಸೇರಿದ್ದು. ಅವ್ವ ಒಂಬತ್ತು ವರ್ಷದವಳಿದ್ದಾಗ ಹಾಗೆ ಒಂದು ಕರು ಹುಟ್ಟಿತಂತೆ. ಹಿಂಡಿಗೆ ಬಿಡುವ ದಿನ ಇವಳು ಕೊಡಲಾರೆ ಅಂತ ಅದನ್ನು ಬಾಳೆತೋಟದಲ್ಲಿ ಬಚ್ಚಿಟ್ಟು, ಒಂದು ಹಗಲೆಲ್ಲ ಅದರ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳಂತೆ. ಐವತ್ತಾರು ವರ್ಷ ಈ ಅವ್ವನ ಮಗಳಾಗಿದ್ದೇನೆ, ಈ ಕಥೆ ನನಗೆ ಗೊತ್ತಿರಲಿಲ್ಲ. ನಂಗ್ಯಾಕೆ ಹೇಳಲಿಲ್ಲ ಅಂದರೆ, ನೀ ಯಾವಾಗ ಕೇಳ್ದೆ ಅಂದಳು.

ಮಾರನೇ ದಿನ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಸೆಲ್ವಂ ಹತ್ತಿರ ಹೋಗಿ ಸೈಲೆನ್ಸರನ್ನು ಪುನಃ ಸೀಟಿನ ಕೆಳಗೆ ಹಾಕಲು ಆಗುತ್ತದಾ ಅಂತ ಕೇಳಿದ್ದು. ಅವನು ನನ್ನನ್ನೇ ದಿಟ್ಟಿಸಿ ನೋಡಿ, ಟೀ ತರಿಸಿದ. ಜ್ವರ ಗಿರ ಇದೆಯಾ ಅಂತ ವಿಚಾರಿಸಿದ. ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದ. ಹೊಗೆ ಒಳಗೆ ಬಂದರೆ ಪ್ರಾಣಕ್ಕೆ ಅಪಾಯ, ಸದ್ದೇ ಬೇಕಿದ್ದರೆ ರೇಡಿಯೋ ಹಾಕಿಕೊಳ್ಳಿ ಅಂದ.

ಹಾಕಿದೆ. ಮುಂದಿನ ಶನಿವಾರ ಹೇಗೋ ಅವ್ವನನ್ನು ಒಪ್ಪಿಸಿ ಹತ್ತಿಸಿಕೊಂಡು, ಎಫ್.ಎಂ. ಜೋರಾಗಿ ಇಟ್ಟೆ. ಚಿನ್ನಮನೂರು ಬರುವ ಹೊತ್ತಿಗೆ ಅವ್ವ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಧಾರಣಿ ನನ್ನನ್ನು ಕನ್ನಡಿಯಲ್ಲಿ ನೋಡುತ್ತಿದ್ದಳು, ಅತ್ತೆಗೆ ಏನೋ ಆಗಿದೆ ಅನ್ನುವ ಹಾಗೆ. ಸಾಕು ಅನ್ನಿಸಿತು. ದ್ರಾಕ್ಷಿ ಅಂಗಡಿಯೊಂದರ ಪಕ್ಕ ಗಾಡಿ ನಿಲ್ಲಿಸಿ ರೇಡಿಯೋ ಆಫ್ ಮಾಡಿದೆ. ಒಂದು ಕಿಲೋ ಪನ್ನೀರ್ ದ್ರಾಕ್ಷಿ ತಗೊಂಡು ಹಿಂದಕ್ಕೆ ಕೊಟ್ಟೆ. ಎಂಜಿನ್ ಆಫ್. ಕಾರಿನೊಳಗೆ ನಿಶ್ಶಬ್ದ.

"ಧಾರಣಿ, ನಿನ್ನೊಂದಿಗೆ ಒಂದು ವಿಷಯ ಮಾತನಾಡಬೇಕಿತ್ತು" ಅಂತ ಶುರು ಮಾಡಿದೆ. ನನಗೇ ಕೇಳಲಾಗಲಿಲ್ಲ. ಸನ್ಮಾನ ಸಮಾರಂಭದ ಮಾತಿನ ಹಾಗಿತ್ತು. ಈ ಕನ್ನಡದಲ್ಲಿ ಕ್ಷಮೆ ಕೇಳಿದರೆ ಅದು ಇನ್ನೊಂದು ಸಲ ತಿದ್ದಿದ ಹಾಗೆಯೇ ಅಲ್ಲವೇ? ನಿಲ್ಲಿಸಿದೆ. ಮೈಸೂರಿಗೆ ಹೋಗುವ ಮುಂಚೆ, ಹದಿನೇಳು ವರ್ಷದವರೆಗೆ, ನಾನು ಅವ್ವನ ಹತ್ತಿರ ಹೇಗೆ ಮಾತಾಡುತ್ತಿದ್ದೆ ಅಂತ ಹುಡುಕಿದೆ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಹೇಳಿದೆ.

"ಅವತ್ತು ನಿನ್ನ ನೋಡಿ ನಕ್ಕಿದ್ದು ನಂದೇ ತಪ್ಪು ಮಗ. ನಿನ್ ಮಾತು ಅಜ್ಜಿ ಮಾತು. ನಂಗೇ ಮರ್ತೋಗದೆ."

ಅಷ್ಟು ಹೇಳಲು ಮೂರು ಕಡೆ ಎಡವಿದೆ. ಇನ್ನೂ ಒಂದೆರಡು ವಾಕ್ಯ ಹೇಳಿದೆ. ಅರ್ಧ ಮೈಸೂರು, ಅರ್ಧ ತಮಿಳು, ಅವ್ವನದು ಅಂತ ಅಂದುಕೊಂಡು ನಾನೇ ಹುಟ್ಟಿಸಿದ ಒಂದಷ್ಟು. ನಾಲಿಗೆ ಹೊರಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಅವತ್ತು ಪಾಯಸದ ಪಾತ್ರೆ ಹಿಡಿದು ನಿಂತಾಗ ಹೇಗನ್ನಿಸಿತ್ತು ಅಂತ ನನಗೆ ಆಗ ತಿಳಿಯಿತು.

ಕನ್ನಡಿಯಲ್ಲಿ ನೋಡಿದೆ. ಅಜ್ಜಿ ಮೊಮ್ಮಗಳ ಮುಖ ನೋಡುತ್ತಿದ್ದಳು, ಮೊಮ್ಮಗಳು ಅಜ್ಜಿಯ ಮುಖ. ಇಬ್ಬರೂ ತುಟಿ ಬಿಗಿಹಿಡಿದಿದ್ದರು. ಮೊದಲು ಸೋತದ್ದು ಅವ್ವ. ಬಾಯಲ್ಲಿ ದ್ರಾಕ್ಷಿ ಇಟ್ಟುಕೊಂಡೇ ಕುಲುಕುಲು ನಕ್ಕಳು. ಧಾರಣಿ ಎರಡು ಸೀಟಿನ ನಡುವೆ ತಲೆ ತೂರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟಳು. ಒಂದು ವರ್ಷದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಕನ್ನಡದ ಮಾತು ಇದು:

"ಅತ್ತೆ, ಅದು ಇಂಗಲ್ಲ. ನಾ ಹೇಳ್ತೀನಿ, ನೀವು ತಿರುಗ ಹೇಳಿ."

ಹೇಳಿದೆ. ಸರಿ ಬರಲಿಲ್ಲ. ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಮತ್ತೊಂದು ಸಲ. ಥೇಣಿ ಮುಟ್ಟುವವರೆಗೂ ಬಿಡಲಿಲ್ಲ. ಅವ್ವ ಹಿಂದಿನಿಂದ ಕಷ್ಟವಾದ ಮಾತುಗಳನ್ನೇ ಹುಡುಕಿ ಹುಡುಕಿ ಮೊಮ್ಮಗಳಿಗೆ ಒದಗಿಸುತ್ತಿದ್ದಳು. ಕಾರು ಹೂವಿನ ಹಾಗೆ ಹೋಗುತ್ತಿತ್ತು, ನನ್ನ ಒಂದೊಂದು ತಪ್ಪೂ ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

ಫೇಲಾಗಿ ಇಷ್ಟು ಖುಷಿಪಟ್ಟ ಕನ್ನಡ ಟೀಚರು ಇನ್ನೊಬ್ಬಳು ಇದ್ದಾಳಾ?